ಮೊಬೈಲಿಗೂ ಒಂದು ಕೊಪ್ಪೆ: ನೀರು, ಕೆಸರು, ಪುಡಿಯಿಂದ ಕಾಪಾಡಲು ಮನೆಯ ಸಾಮಾನೇ ಸಾಕು

ಬೆಳಿಗ್ಗೆ ಎಂಟು ಗಂಟೆಯೊಳಗೆ ಕಬ್ಬಿನ ಹೊಲದೊಳಗೆ ಕಾಲಿಟ್ಟವರಿಗೆ ಗೊತ್ತು, ಮಳೆ ಬಾರದಿದ್ದರೂ ಮೈ ತೊಯ್ಯುತ್ತದೆ. ಗರಿಗಳ ಮೇಲೆ ನಿಂತ ಇಬ್ಬನಿ ಅಂಗಿಗೆ ಇಳಿದು, ನಾಲ್ಕು ಸಾಲು ದಾಟುವಷ್ಟರಲ್ಲಿ ಕಿಸೆಯೂ ಒದ್ದೆಯಾಗಿರುತ್ತದೆ. ಮುಧೋಳ ತಾಲ್ಲೂಕಿನಲ್ಲಿ ಮುಂಗಾರಿನ ಬೆಳೆ ಸಮೀಕ್ಷೆಗೆ ಹೋದ ಮೊದಲ ವರ್ಷ ನನ್ನ ಮೊಬೈಲ್ ಕೆಟ್ಟದ್ದು ಹೀಗೆಯೇ. ಸುಮಾರು ನಲವತ್ತು ಹಿಸ್ಸಾಗಳ, ಅಂದರೆ ಸರ್ವೆ ನಂಬರಿನೊಳಗಿನ ಹೊಲದ ಪಾಲುಗಳ, ಚಿತ್ರಗಳು ಅದರೊಳಗಿದ್ದವು. ಹೊಲದಲ್ಲಿ ನೆಟ್‌ವರ್ಕ್ ಸಿಗದೆ ಒಂದೂ ಅಪ್‌ಲೋಡ್ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪರದೆ ಎರಡು ಸಲ ಮಿನುಗಿ ಆರಿತು. ಚಾರ್ಜ್ ಮುಗಿದಿರಬೇಕೆಂದು ಮನೆಗೆ ಬಂದವನೇ ಚಾರ್ಜರ್ ಚುಚ್ಚಿದೆ. ಮೂರನೆಯ ದಿನ ದುರಸ್ತಿಯವರು ಅದನ್ನು ಬಿಚ್ಚಿ ತೋರಿಸಿದಾಗ, ಚಾರ್ಜಿಂಗ್ ಕಿಂಡಿಯ ಹಿಂದೆ ತಾಮ್ರದ ಪಾತ್ರೆಗೆ ಹಿಡಿಯುವಂಥದೇ ಹಸಿರು ಕಿಲುಬು ಕಂಡಿತು. ಒದ್ದೆಯಾಗಿದ್ದು ಒಂದು ಪೆಟ್ಟು, ಒದ್ದೆ ಇರುವಾಗಲೇ ವಿದ್ಯುತ್ ಕೊಟ್ಟಿದ್ದು ಅದಕ್ಕಿಂತ ದೊಡ್ಡ ಪೆಟ್ಟು.

ಆ ನಲವತ್ತು ಹಿಸ್ಸಾಗಳಿಗೆ ಮತ್ತೊಮ್ಮೆ ನಡೆದು ಹೋಗಿ ಚಿತ್ರ ತೆಗೆದೆ. ಈ ಸಮೀಕ್ಷೆಯಲ್ಲಿ ಮನೆಯಲ್ಲಿ ಕುಳಿತು ಏನೂ ಮಾಡಲಾಗದು. ಆ ಸರ್ವೆ ನಂಬರಿನ ಗಡಿಯೊಳಗೆ ನಿಂತೇ ಬೆಳೆಯನ್ನು ದಾಖಲಿಸಿ ಚಿತ್ರ ತೆಗೆಯಬೇಕು. ಅಂದರೆ ಎರೆಮಣ್ಣಿನ ಕೆಸರಿನಲ್ಲಿ, ಜಿಟಿಜಿಟಿ ಮಳೆಯಲ್ಲಿ ದಿನಕ್ಕೆ ಐವತ್ತು ಸಲ ಮೊಬೈಲ್ ಹೊರಗೆ ಬರಲೇಬೇಕು. ಡಬ್ಬಿಯಲ್ಲಿಟ್ಟು ಮುಚ್ಚಿದರೆ ಕೆಲಸ ಸಾಗದು. ನೀರು ಒಳಗೆ ಹೋಗಬಾರದು, ಬೆರಳಿನ ಸ್ಪರ್ಶ ಒಳಗೆ ಮುಟ್ಟಬೇಕು, ಕ್ಯಾಮೆರಾಕ್ಕೆ ಹೊರಗಿನದು ಕಾಣಬೇಕು. ಈ ಮೂರನ್ನೂ ಮಾಡುವ ಚೀಲವೊಂದನ್ನು ಮನೆಯ ಸಾಮಾನಿನಿಂದಲೇ ಕಟ್ಟಿಕೊಳ್ಳಲು ನನಗೆ ಎರಡು ಮುಂಗಾರು ಹಿಡಿದವು. ನಿಮಗೆ ಒಂದು ಸಂಜೆ ಸಾಕು.

ಮೊದಲು ಕೊಪ್ಪೆಯ ಲೆಕ್ಕ

ನಮ್ಮ ಹಿರಿಯರು ಮಳೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಳ್ಳುತ್ತಾರೆ. ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತಳ್ಳಿ ತಲೆಯ ಮೇಲೆ ಇಳಿಬಿಟ್ಟರೆ ಮುಗಿಯಿತು. ಅದೇನು ದಪ್ಪ ಬಟ್ಟೆಯಲ್ಲ, ಹೆಣೆದ ಪ್ಲಾಸ್ಟಿಕ್ ದಾರ. ಆದರೂ ಸುರಿಯುವ ಮಳೆಯಲ್ಲಿ ಬದುವಿನ ಮೇಲೆ ಗಂಟೆಗಟ್ಟಲೆ ನಿಲ್ಲಬಹುದು. ಮೇಲ್ಮುಖವಾಗಿ ಬಾಯಿ ಇಲ್ಲದಿರುವುದೇ ಅದರ ಗುಟ್ಟು. ನೀರು ಮೇಲಿನಿಂದ ಬಿದ್ದು ಜಾರಿ ಕೆಳಗೆ ಹೋಗುತ್ತದೆ, ತೆರೆದ ಭಾಗ ಕೆಳಗಿದೆ.

ಮೊಬೈಲ್ ಚೀಲದ ವಿಷಯದಲ್ಲಿ ಎಲ್ಲರೂ ಪ್ಲಾಸ್ಟಿಕ್ ಎಷ್ಟು ದಪ್ಪ ಎಂದು ನೋಡುತ್ತಾರೆ. ನೋಡಬೇಕಾದದ್ದು ಬಾಯಿಯನ್ನು. ನಾನು ಕಂಡಂತೆ ನೀರು ಒಳಹೊಕ್ಕ ಚೀಲಗಳಲ್ಲಿ ಹೆಚ್ಚಿನವು ಹರಿದಿರಲಿಲ್ಲ. ಅವುಗಳ ಬಾಯಿಯನ್ನು ಸರಿಯಾಗಿ ಮಡಚಿರಲಿಲ್ಲ, ಅಷ್ಟೇ.

ಯಾವ ಕವರ್ ತೆಗೆದುಕೊಳ್ಳಬೇಕು

ನನ್ನ ಮೊದಲ ಆಯ್ಕೆ ಕಡಕ್ ರೊಟ್ಟಿಯ ಪ್ಯಾಕೆಟ್. ನಮ್ಮ ಭಾಗದಲ್ಲಿ ಖಾನಾವಳಿಯಿಂದ ಹಿಡಿದು ಕಿರಾಣಿ ಅಂಗಡಿಯವರೆಗೆ ಎಲ್ಲ ಕಡೆಯೂ ಸಿಗುವ ಈ ಪ್ಯಾಕೆಟ್ ಅಗಲವಾಗಿದೆ, ಪಾರದರ್ಶಕವಾಗಿದೆ. ಅಗಲ ಹೆಚ್ಚಿದ್ದರೆ ಬಾಯಿ ಮಡಚಲು ಜಾಗ ಧಾರಾಳವಾಗಿ ಸಿಗುತ್ತದೆ. ಒಳಗಿನ ರೊಟ್ಟಿಯ ಪುಡಿ ಹೋಗುವಂತೆ ಸಾಬೂನು ನೀರಿನಲ್ಲಿ ತೊಳೆದು, ಒಳಮೈ ಹೊರಗೆ ಮಾಡಿ, ನೆರಳಿನಲ್ಲಿ ಪೂರ್ತಿ ಒಣಗಿಸಿ.

ಒಣದ್ರಾಕ್ಷಿ, ಗೋಡಂಬಿ ತುಂಬಿ ಕೊಡುವ ಜಿಪ್ ಕವರ್ ಇದ್ದರೆ ಅದು ಇನ್ನೂ ಒಳ್ಳೆಯದು. ಆದರೆ ಅದರ ಜಿಪ್ ಒಂದನ್ನೇ ನಂಬಬೇಡಿ, ಅದರ ಸಂದಿಯೊಳಗೆ ಒಂದು ಸಕ್ಕರೆ ಕಾಳು ಸಿಕ್ಕಿಕೊಂಡರೂ ನೀರಿಗೆ ದಾರಿಯಾಗುತ್ತದೆ. ಜಿಪ್ ಹಾಕಿದ ಮೇಲೂ ಮಡಚಲೇಬೇಕು.

ಇಳಕಲ್ ಸೀರೆ, ಹೊಸ ಅಂಗಿ ಬರುವ ಗರಿಗರಿ ಕವರ್ ನೋಡಲು ಗಾಜಿನಂತೆ ಸ್ವಚ್ಛ. ಅದರಿಂದಲೇ ಬಹಳ ಜನ ಮೋಸ ಹೋಗುತ್ತಾರೆ. ಬಟ್ಟೆಯ ಕವರ್‌ಗಳಲ್ಲಿ ಗಾಳಿಯಾಡಲೆಂದು ಮೂಲೆಯಲ್ಲೋ ಮಧ್ಯದಲ್ಲೋ ಸಣ್ಣ ತೂತು ಕೊರೆದಿರುತ್ತಾರೆ. ಬೆಳಕಿಗೆ ಹಿಡಿದು ಹುಡುಕಿ. ತೂತಿಲ್ಲದಿದ್ದರೂ ಆ ಪ್ಲಾಸ್ಟಿಕ್ ಮಡಿಕೆಯಲ್ಲಿ ಬೇಗ ಸೀಳುತ್ತದೆ. ಹಾಲಿನ ಪ್ಯಾಕೆಟ್ ಗಟ್ಟಿಯಾದದ್ದು, ಆದರೆ ಅಚ್ಚು ಹಾಕಿರುವುದರಿಂದ ಪರದೆ ಕಾಣುವುದಿಲ್ಲ. ಮೊಬೈಲನ್ನು ಬರೀ ಸಾಗಿಸುವಾಗ ಹೊರಗಿನ ಚೀಲವಾಗಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಲೂನನ್ನು ಮೊಬೈಲಿನ ಮೇಲೆ ಹಿಗ್ಗಿಸಿ ಹಾಕುವ ಉಪಾಯವನ್ನು ಕೆಲವರು ಹೇಳುತ್ತಾರೆ. ನಾನು ಮಾಡಿ ನೋಡಿದ್ದೇನೆ. ಪರದೆ ಮಂಜು ಕವಿದಂತೆ ಕಾಣುತ್ತದೆ, ಕ್ಯಾಮೆರಾ ಉಪಯೋಗಕ್ಕೆ ಬರುವುದಿಲ್ಲ, ತೆಗೆಯುವಾಗ ಗುಂಡಿಗಳನ್ನು ಎಳೆದಾಡುತ್ತದೆ. ನಾನು ಅದನ್ನು ಬಿಟ್ಟುಬಿಟ್ಟೆ.

ಅಗಲ ಕವರನ್ನು ಮೊಬೈಲಿನ ಅಳತೆಗೆ ತರಲು ಕಿರಾಣಿ ಅಂಗಡಿಯವರ ಹಳೆಯ ವಿದ್ಯೆಯೊಂದಿದೆ. ಮೇಣದಬತ್ತಿ ಮತ್ತು ಹಳೆಯ ಹ್ಯಾಕ್ಸಾ ಬ್ಲೇಡ್ ಬೇಕು. ಪ್ಲಾಸ್ಟಿಕ್ಕಿನ ಎರಡು ಪದರಗಳನ್ನು ಬ್ಲೇಡಿನ ಅಂಚಿಗೆ ಒತ್ತಿ ಮಡಚಿ, ಆ ಮಡಿಕೆಯನ್ನು ಜ್ವಾಲೆಯ ಅಂಚಿನಲ್ಲಿ ನಿಲ್ಲಿಸದೆ ಒಂದೇ ಸಮನೆ ಎಳೆಯಿರಿ. ಪದರಗಳು ಕರಗಿ ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಕಿಟಕಿ ತೆರೆದಿರಲಿ, ಮಕ್ಕಳು ಹತ್ತಿರ ಇರದಿರಲಿ. ಖಾಲಿ ಕವರಿನ ಮೇಲೆ ಮಾತ್ರ ಈ ಕೆಲಸ ಮಾಡಿ. ಮೊಬೈಲ್ ಒಳಗಿಟ್ಟು ಬಾಯಿ ಮುಚ್ಚಲು ಬೆಂಕಿಯ ಹತ್ತಿರ ಒಯ್ಯಬೇಡಿ.

ಚೀಲ ಕಟ್ಟುವ ಬಗೆ

ಚೀಲ ಮೊಬೈಲಿಗಿಂತ ಅಗಲದಲ್ಲಿ ಎರಡು ಬೆರಳು, ಉದ್ದದಲ್ಲಿ ಒಂದು ಗೇಣು ಹೆಚ್ಚಿರಲಿ. ಆ ಗೇಣಿನಲ್ಲಿಯೇ ಎಲ್ಲ ಇದೆ. ಕಡಿಮೆ ಮಾಡಬೇಡಿ.

ಮೊಬೈಲನ್ನು ಒಣ ಬಟ್ಟೆಯಿಂದ ಒರೆಸಿ, ನಿಮ್ಮ ಕೈಯನ್ನೂ ಒರೆಸಿಕೊಂಡು, ತಲೆಕೆಳಗಾಗಿ ಚೀಲಕ್ಕಿಳಿಸಿ. ಹಿಂಬದಿಗೆ, ಕ್ಯಾಮೆರಾಕ್ಕೆ ಅಡ್ಡ ಬಾರದಂತೆ, ಮಡಚಿದ ದಿನಪತ್ರಿಕೆಯ ಚಿಕ್ಕ ತುಂಡು ಇಡಿ. ಮೈಯ ಕಾವಿನಿಂದ, ಹವೆಯ ಏರಿಳಿತದಿಂದ ಒಳಗೆ ಹುಟ್ಟುವ ತೇವವನ್ನು ಅದು ಹೀರುತ್ತದೆ. ಹೊಸ ಬೂಟು, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಸಿಕ್ಕರೆ ಕಾಗದಕ್ಕಿಂತ ಅದು ಮೇಲು. ಆದರೆ ತೆರೆದ ಗಾಳಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪೊಟ್ಟಣ ಆಗಲೇ ತೇವ ಕುಡಿದು ತುಂಬಿರುತ್ತದೆ. ಸಿಕ್ಕ ದಿನವೇ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಎತ್ತಿಡಿ.

ಈಗ ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಸವರುತ್ತ ಗಾಳಿಯನ್ನೆಲ್ಲ ಹೊರಹಾಕಿ. ಪ್ಲಾಸ್ಟಿಕ್ ಪರದೆಗೆ ಅಂಟಿದಂತೆ ಕೂರಬೇಕು. ಈಗಿನ ಪರದೆಗಳು ಒತ್ತಡವನ್ನಲ್ಲ, ಬೆರಳು ಸಮೀಪಿಸಿದಾಗ ಅಲ್ಲಿನ ವಿದ್ಯುತ್ ಕ್ಷೇತ್ರದಲ್ಲಾಗುವ ಸಣ್ಣ ಬದಲಾವಣೆಯನ್ನು ಗುರುತಿಸುತ್ತವೆ. ತೆಳು ಪ್ಲಾಸ್ಟಿಕ್ ಅದಕ್ಕೆ ಅಡ್ಡಿಯಲ್ಲ, ನಡುವೆ ಉಳಿದ ಗಾಳಿಯ ಪದರವೇ ಅಡ್ಡಿ. ನೀರಿನ ಹನಿಗಳು ಪರದೆಯ ಮೇಲೆ ನಿಂತಾಗ ಮೊಬೈಲ್ ತಾನಾಗಿ ಏನೇನೋ ತೆರೆಯುವುದಕ್ಕೂ ಇದೇ ಕಾರಣ. ಹನಿಯನ್ನೂ ಅದು ಬೆರಳೆಂದು ಭಾವಿಸುತ್ತದೆ. ಆದ್ದರಿಂದ ಒದ್ದೆ ಚೀಲವನ್ನು ಒಮ್ಮೆ ಅಂಗಿಗೆ ಒರೆಸಿಕೊಂಡೇ ಮುಟ್ಟಿ.

ಬಾಯಿಯನ್ನು ಒಂದು ಬೆರಳಿನ ಅಗಲಕ್ಕೆ ಮಡಚಿ. ಅದೇ ದಿಕ್ಕಿನಲ್ಲಿ ಇನ್ನೊಮ್ಮೆ, ಮತ್ತೊಮ್ಮೆ, ಕಡಿಮೆಯೆಂದರೆ ಮೂರು ಸುತ್ತು ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ. ಸುತ್ತಿದ ಪಟ್ಟಿಯ ಎರಡು ತುದಿಗಳನ್ನು ಹಿಂದಕ್ಕೆ ಬಾಗಿಸಿ ಜೋಡಿಸಿ, ಅಲ್ಲಿ ರಬ್ಬರ್ ಬ್ಯಾಂಡನ್ನು ನಾಲ್ಕು ಸುತ್ತು ಹಾಕಿ. ಬರೀ ಗಂಟು ಹಾಕಿದರೆ ಸುಕ್ಕುಗಳ ನಡುವೆ ನೀರು ಒಸರುತ್ತದೆ. ಸುತ್ತಿದ ಬಾಯಿಯಲ್ಲಿ ನೀರು ಪ್ರತಿ ಮಡಿಕೆಯನ್ನೂ ದಾಟಬೇಕು. ಬಟ್ಟೆ ಒಣಹಾಕುವ ಕ್ಲಿಪ್ ಕೂಡ ನಡೆಯುತ್ತದೆ, ಆದರೆ ಕಿಸೆಯಲ್ಲಿ ಅದು ಕಳಚಿಕೊಳ್ಳುತ್ತದೆ.

ಕೊನೆಗೆ ಎರಡನೆಯ ಕವರ್. ಒಳಚೀಲದ ಬಾಯಿ ಮೇಲಿದ್ದರೆ ಹೊರಚೀಲದ ಬಾಯಿ ಕೆಳಗಿರಲಿ. ಇದೇ ಕೊಪ್ಪೆ. ಮಳೆಯಲ್ಲಿ ಹೊರಚೀಲದ ಮೇಲೆ ಬಿದ್ದ ನೀರು ಜಾರಿಹೋಗುತ್ತದೆ, ತಪ್ಪಿ ಹೊಕ್ಕದ್ದೂ ಕೆಳಗೇ ನಿಲ್ಲುತ್ತದೆ, ಒಳಚೀಲದ ಬಾಯಿಯನ್ನು ಮುಟ್ಟುವುದಿಲ್ಲ. ಮಳೆ ನಿಂತಾಗ ಹೊರಚೀಲ ತೆಗೆದು ಒಳಚೀಲದಲ್ಲಿಯೇ ಕೆಲಸ ಮಾಡಿ.

ಮೊಬೈಲಿಗಿಂತ ಮೊದಲು ಕಾಗದ

ಇಷ್ಟು ಓದಿ ತಕ್ಷಣ ಮೊಬೈಲ್ ಹಾಕಬೇಡಿ, ಕೈಮುಗಿದು ಕೇಳುತ್ತೇನೆ. ಮೊದಲು ಒಂದು ಬಿಳಿ ಕಾಗದದ ಮೇಲೆ ಮಸಿಯ ಪೆನ್ನಿನಿಂದ ನಾಲ್ಕು ಗೆರೆ ಎಳೆದು, ಎರಡು ಸಾಬೂನು ಬಿಲ್ಲೆಗಳ ಸುತ್ತ ಅದನ್ನು ಸುತ್ತಿ ಚೀಲದೊಳಗಿಡಿ. ಎರಡು ಬಿಲ್ಲೆ ಸೇರಿದರೆ ತೂಕ ಹೆಚ್ಚುಕಡಿಮೆ ಒಂದು ಮೊಬೈಲಿನಷ್ಟೇ. ಮೇಲೆ ಹೇಳಿದಂತೆಯೇ ಬಾಯಿ ಕಟ್ಟಿ, ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೆ ತಂಬಿಗೆ ಹೇರಿ ಅರ್ಧ ಗಂಟೆ ಬಿಡಿ. ತೆಗೆದ ಮೇಲೆ ಹೊರಗೆ ಚೆನ್ನಾಗಿ ಒರೆಸಿ, ಆಮೇಲೆ ಬಿಚ್ಚಿ. ಗೆರೆ ಎಲ್ಲಿಯೂ ಹಬ್ಬಿರದಿದ್ದರೆ ಆ ಚೀಲ ಪಾಸಾಯಿತು. ಹಬ್ಬಿದ್ದರೆ ಯಾವ ಬದಿಯಲ್ಲಿ ಎಂಬುದೇ ತೂತು ಎಲ್ಲಿದೆ ಎಂದು ಹೇಳುತ್ತದೆ. ಅಂಗಡಿಯಿಂದ ದುಡ್ಡು ಕೊಟ್ಟು ತಂದ ಮೊಬೈಲ್ ಚೀಲಕ್ಕೂ ಈ ಪರೀಕ್ಷೆ ತಪ್ಪಿಸಬೇಡಿ.

ಚೀಲದೊಳಗೆ ಬಳಸುವಾಗ

ಬೆರಳಚ್ಚಿನ ಬೀಗ ಪ್ಲಾಸ್ಟಿಕ್ಕಿನ ಮೂಲಕ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಒಳಗೆ ಹಾಕುವ ಮುನ್ನ ನಿಮ್ಮ ಪಿನ್ ನೆನಪಿದೆಯೇ ನೋಡಿಕೊಳ್ಳಿ. ಕೆಲವು ಮೊಬೈಲ್‌ಗಳ ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಆಯ್ಕೆ ಇರುತ್ತದೆ, ಅದನ್ನು ಹಾಕಿಕೊಂಡರೆ ಕೆಲಸ ಹಗುರ. ಕರೆಯಲ್ಲಿ ನಿಮ್ಮ ಧ್ವನಿ ಗುಂಯ್‌ಗುಟ್ಟಿದಂತೆ ಕೇಳಿಸಬಹುದು, ಸ್ಪೀಕರ್ ಹಾಕಿ ಮಾತನಾಡಿ. ಚಿತ್ರ ತೆಗೆಯುವಾಗ ಕ್ಯಾಮೆರಾದ ಮುಂದಿನ ಪ್ಲಾಸ್ಟಿಕ್ಕನ್ನು ಎರಡು ಬೆರಳಿನಿಂದ ಬಿಗಿಯಾಗಿ ಎಳೆದು ಹಿಡಿಯಿರಿ, ಫ್ಲ್ಯಾಶ್ ಆಫ್ ಮಾಡಿ. ಫ್ಲ್ಯಾಶಿನ ಬೆಳಕು ಪ್ಲಾಸ್ಟಿಕ್ಕಿಗೆ ಬಡಿದು ಹಿಂದಿರುಗಿ ಇಡೀ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ.

ಬಿಸಿಲಿನ ಮಾತು ಬೇರೆ. ಬಹಳಷ್ಟು ತಯಾರಕರು ಮೊಬೈಲನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಯಲ್ಲಿ ಬಳಸಿ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮುಧೋಳವಾಗಲಿ, ವಿಜಯಪುರವಾಗಲಿ 40 ಡಿಗ್ರಿ ದಾಟುವ ಊರುಗಳು. ಆ ಬಿಸಿಲಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಮೊಬೈಲ್ ಕೈಗೆ ಹತ್ತದಷ್ಟು ಕಾಯುತ್ತದೆ, ಬ್ಯಾಟರಿಯ ಆಯುಷ್ಯ ಕರಗುತ್ತದೆ. ಬೈಕಿನ ಟ್ಯಾಂಕಿನ ಮೇಲೆ, ಟ್ರ್ಯಾಕ್ಟರಿನ ಮುಂಭಾಗದಲ್ಲಿ ಚೀಲದೊಳಗಿಟ್ಟು ಬಿಡಬೇಡಿ. ಚೀಲದೊಳಗಿರುವಾಗ ಚಾರ್ಜ್ ಮಾಡುವುದಂತೂ ಎಂದಿಗೂ ಬೇಡ.

ಹಿಟ್ಟು, ಖಾರ, ಭಂಡಾರ

ಅಡುಗೆಮನೆಗೆ ಇಷ್ಟೆಲ್ಲ ಬೇಡ. ಅವ್ವ ರೊಟ್ಟಿ ಬಡಿಯುವಾಗಲೇ ತಂಗಿಯ ಕರೆ ಬರುತ್ತದೆ, ಕೈಯೆಲ್ಲ ಜೋಳದ ಹಿಟ್ಟು. ಒಂದು ತೆಳು ಕವರಿನಲ್ಲಿ ಮೊಬೈಲ್ ಹಾಕಿ, ಒಲೆಯಿಂದ ದೂರ, ಗೋಡೆಗೆ ಒರಗಿಸಿಟ್ಟಿರುತ್ತೇನೆ. ಹಿಟ್ಟು ಹತ್ತಿದ ಬೆರಳಿನಿಂದಲೇ ಎತ್ತಿ ಮಾತನಾಡುತ್ತಾರೆ, ಆಮೇಲೆ ಕವರ್ ಝಾಡಿಸಿದರೆ ಆಯಿತು.

ಗಿರಣಿ ಮಾತ್ರ ಹೆಚ್ಚು ಎಚ್ಚರ ಬೇಡುವ ಜಾಗ. ಖಾರ ಕುಟ್ಟಿಸಲು ಹೋದಾಗ ಗಾಳಿಯಲ್ಲಿ ತೇಲುವ ಪುಡಿ ಸ್ಪೀಕರಿನ ಜಾಲರಿಯಲ್ಲಿ ಕೂರುತ್ತದೆ, ಮೇಲೆ ಬೆವರು ಬಿದ್ದರೆ ಗಟ್ಟಿಯಾಗುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಇದರ ದೊಡ್ಡ ರೂಪ ಕಾಣುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಸಮಯದಲ್ಲಿ ಗಾಳಿಯೇ ಹಳದಿಯಾಗುವಷ್ಟು ಭಂಡಾರ ಹಾರುತ್ತದೆ, ಜೋಗುಳಬಾವಿಯಲ್ಲೋ ಎಣ್ಣೆಹೊಂಡದಲ್ಲೋ ಮಿಂದು ಬಂದ ಮೈ ಇನ್ನೂ ಒದ್ದೆ ಇರುತ್ತದೆ. ನುಣುಪಾದ ಅರಿಶಿನ ಮತ್ತು ನೀರು ಕೂಡಿದರೆ ಚಾರ್ಜಿಂಗ್ ಕಿಂಡಿಯೊಳಗೆ ಮೆತ್ತಿದ ಲೇಪದಂತಾಗುತ್ತದೆ. ಗುಡ್ಡ ಹತ್ತುವ ಮೊದಲೇ ಚೀಲಕ್ಕೆ ಹಾಕಿ, ಮನೆಗೆ ಬರುವವರೆಗೆ ತೆಗೆಯಬೇಡಿ. ಬಾಗಲಕೋಟೆಯ ಹೋಳಿಗೂ ಇದೇ ಮಾತು. ಅಲ್ಲಿ ಬಣ್ಣದ ಬಂಡಿಗಳು ಬೀದಿಗಿಳಿದರೆ ಪಿಚಕಾರಿಯ ಹನಿಯಲ್ಲ, ಬ್ಯಾರಲ್‌ಗಟ್ಟಲೆ ನೀರು ಮೈಮೇಲೆ ಬೀಳುತ್ತದೆ. ಕಿಸೆಗಿಂತ, ಚೀಲಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಅಂಗಿಯೊಳಗೆ ಇಳಿಬಿಡುವುದು ಮೇಲು.

ಒಣ ಪುಡಿ ಒಳಹೊಕ್ಕಿದ್ದರೆ ಕಿಂಡಿಗಳನ್ನು ನೆಲದ ಕಡೆ ಮಾಡಿ ಹಿಡಿದು, ಮೆದುವಾದ ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಹಗುರವಾಗಿ ಉಜ್ಜಿ. ಬಾಯಿಯಿಂದ ಊದಬೇಡಿ, ಉಸಿರಿನಲ್ಲಿ ತೇವವಿದೆ. ಪಿನ್ನು, ಸೂಜಿ ಹಾಕಿ ಕೆದಕಿದರೆ ಒಳಗಿನ ಸಂಪರ್ಕದ ಪಟ್ಟಿಗಳು ಬಾಗುತ್ತವೆ, ಜಾಲರಿ ಹರಿಯುತ್ತದೆ.

ಹೊಳೆ ಬಂದಾಗ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಹೊಳೆದಂಡೆಯ ಊರುಗಳವರು ಕೈಗೆ ಸಿಕ್ಕದ್ದನ್ನು ಹಿಡಿದು ಎತ್ತರದ ಜಾಗಕ್ಕೆ ಹೊರಟ ದಿನಗಳವು. ಅಂಥ ಹೊತ್ತಿನಲ್ಲಿ ಮೊಬೈಲಿನ ಲೆಕ್ಕ ಬದಲಾಗುತ್ತದೆ. ಒಳಚೀಲವನ್ನು ಮೊದಲಿನಂತೆಯೇ ಗಾಳಿ ತೆಗೆದು ಕಟ್ಟಿ. ಹೊರಚೀಲದಲ್ಲಿ ಮಾತ್ರ ಒಂದು ದೊಡ್ಡ ಲೋಟದಷ್ಟು ಗಾಳಿ ಉಳಿಸಿ ಬಾಯಿ ಸುತ್ತಿ ಕಟ್ಟಿ. ಕೈತಪ್ಪಿ ನೀರಿಗೆ ಬಿದ್ದರೂ ತೇಲುತ್ತದೆ, ಹಿಡಿದುಕೊಳ್ಳಬಹುದು. ಪವರ್ ಬ್ಯಾಂಕಿಗೂ ಅಂಥದೇ ಪ್ರತ್ಯೇಕ ಚೀಲ ಬೇಕು, ಏಕೆಂದರೆ ಪ್ರವಾಹದಲ್ಲಿ ಮೊದಲು ಹೋಗುವುದು ಕರೆಂಟು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುವವರಿದ್ದಾರೆ. ಆಧಾರ್, ಹೊಲದ ಉತಾರೆಯಂಥ (ಪಹಣಿ) ಕಾಗದಪತ್ರಗಳಿಗೆ ಅದು ಒಳ್ಳೆಯದು. ಮೊಬೈಲಿಗೆ ಅಷ್ಟು ಒಳ್ಳೆಯದಲ್ಲ, ಸುತ್ತಲೂ ಲೋಹವಿದ್ದರೆ ಸಿಗ್ನಲ್ ಕುಗ್ಗಿ, ನಿಮ್ಮನ್ನು ಹುಡುಕುವವರ ಕರೆ ಮುಟ್ಟದೆ ಹೋಗಬಹುದು. ನಾಲ್ಕು ಮುಖ್ಯ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಅದೇ ಚೀಲದಲ್ಲಿಡಿ.

ಇಷ್ಟಾದರೂ ನೀರು ಹೊಕ್ಕರೆ

ತಕ್ಷಣ ಮೊಬೈಲನ್ನು ಆಫ್ ಮಾಡಿ. ನಡೆಯುತ್ತಿದೆಯೇ ಎಂದು ಪರೀಕ್ಷಿಸುವ ಆಸೆ ಬೇಡ. ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಸುತ್ತದೆ, ಆದರೆ ನಮ್ಮ ಹೊಲದ ನೀರಿನಲ್ಲಿ ಗೊಬ್ಬರದ ಲವಣವಿದೆ, ಕೊಳವೆಬಾವಿಯ ನೀರಿನಲ್ಲಿ, ಬೆವರಿನಲ್ಲಿ ಉಪ್ಪಿದೆ. ಬ್ಯಾಟರಿಯ ವಿದ್ಯುತ್ ಆ ನೀರಿನ ಮೂಲಕ ಹರಿದಷ್ಟೂ ಒಳಗಿನ ತಾಮ್ರದ ಸಣ್ಣ ಗೆರೆಗಳು ತಿಂದುಹೋಗುತ್ತವೆ. ಆಫ್ ಮಾಡಿದಷ್ಟು ಬೇಗ ಆ ಕ್ರಿಯೆ ನಿಧಾನವಾಗುತ್ತದೆ.

ಹೊರಕವಚ ತೆಗೆಯಿರಿ, ಸಿಮ್ ತಟ್ಟೆ ತೆಗೆಯಿರಿ, ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ. ಚಾರ್ಜಿಂಗ್ ಕಿಂಡಿ ಕೆಳಗಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಜೋರಾಗಿ ಜಾಡಿಸಿದರೆ ನೀರು ಇನ್ನೂ ಒಳಗೆ ಹೋಗುತ್ತದೆ. ಅದೇ ಭಂಗಿಯಲ್ಲಿ ಫ್ಯಾನಿನ ಗಾಳಿಗೆ, ನೆರಳಿನಲ್ಲಿ ನಿಲ್ಲಿಸಿ, ಕಡಿಮೆಯೆಂದರೆ ಒಂದು ಹಗಲು ಒಂದು ರಾತ್ರಿ. ಹೇರ್ ಡ್ರೈಯರ್ ಬೇಡ, ಬಿಸಿಲು ಬೇಡ, ಒಲೆಯ ಪಕ್ಕ ಬೇಡ.

ಅಕ್ಕಿಯ ಡಬ್ಬಿಯಲ್ಲಿ ಹುಗಿಯಿರಿ ಎಂದು ಹತ್ತು ಜನ ಹೇಳುತ್ತಾರೆ. ಅಕ್ಕಿಯ ತೌಡು, ನುಚ್ಚು ಒದ್ದೆ ಕಿಂಡಿಯಲ್ಲಿ ಸೇರಿ ಅಂಟಾಗುತ್ತದೆ. 2024ರಲ್ಲಿ ಆ್ಯಪಲ್ ಕಂಪನಿಯೇ ತನ್ನ ಐಫೋನ್ ಬಳಕೆದಾರರಿಗೆ ಅಕ್ಕಿಯ ಚೀಲದಲ್ಲಿ ಇಡಬೇಡಿ, ಸಣ್ಣ ಕಣಗಳು ಹಾನಿ ಮಾಡಬಹುದು ಎಂದು ತಿಳಿಸಿದೆ. ತೆರೆದ ಗಾಳಿಯೇ ಅಕ್ಕಿಗಿಂತ ಚೆನ್ನಾಗಿ ಒಣಗಿಸುತ್ತದೆ.

ಚಹಾ, ಕಬ್ಬಿನ ಹಾಲು, ಕೆಸರು, ಬಣ್ಣದ ನೀರು ಬಿದ್ದಿದ್ದರೆ ಒಣಗಿಸಿ ಕಾಯುತ್ತ ಕೂರಬೇಡಿ. ನೀರು ಆರಿದರೂ ಸಕ್ಕರೆ, ಮಣ್ಣು, ಬಣ್ಣ ಒಳಗೇ ಉಳಿದು ಹವೆಯ ತೇವವನ್ನು ಎಳೆಯುತ್ತಿರುತ್ತವೆ. ಆಫ್ ಮಾಡಿದ ಸ್ಥಿತಿಯಲ್ಲೇ ನಂಬಿಕೆಯ ದುರಸ್ತಿಯವರ ಬಳಿ ಅದೇ ದಿನ ಒಯ್ಯಿರಿ, ಏನು ಬಿದ್ದಿತು ಎಂದು ನಿಜ ಹೇಳಿ. ಅವರು ಬಿಚ್ಚಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಬೋರ್ಡನ್ನು ತೊಳೆಯುತ್ತಾರೆ. ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಬ್ಯಾಟರಿ ಉಬ್ಬಿ ಪರದೆ ಎದ್ದಂತೆ ಕಂಡರೆ ಆನ್ ಮಾಡಲೇಬೇಡಿ.

ಐಪಿ67, ಐಪಿ68 ಎಂದು ಬರೆದ ಮೊಬೈಲ್ ಇರುವವರು ಇದೆಲ್ಲ ತಮಗಲ್ಲ ಎಂದುಕೊಳ್ಳುತ್ತಾರೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ67 ಎಂದರೆ 1 ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ತಾಳಿದೆ ಎಂದರ್ಥ, ಅದೂ ಹೊಸ ಮೊಬೈಲ್, ಪ್ರಯೋಗಾಲಯದಲ್ಲಿ. ಒಮ್ಮೆ ಕೆಳಗೆ ಬಿದ್ದರೆ, ಒಮ್ಮೆ ಬಿಚ್ಚಿ ಪರದೆ ಬದಲಿಸಿದರೆ ಆ ಅಂಟಿನ ಮುದ್ರೆ ಮೊದಲಿನಂತಿರುವುದಿಲ್ಲ. ನೀರಿನಿಂದಾದ ಹಾನಿಗೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಸಿಮ್ ಕಿಂಡಿಯಂಥ ಕಡೆ ಒಳಗೊಂದು ಬಿಳಿ ಗುರುತು ಇಟ್ಟಿರುತ್ತಾರೆ, ನೀರು ತಾಗಿದರೆ ಅದು ಕೆಂಪಾಗಿ ಎಲ್ಲ ಹೇಳಿಬಿಡುತ್ತದೆ.

ನಾನಂತೂ ಈಗ ಹೊಲದಿಂದ ನೆಟ್‌ವರ್ಕ್ ಇರುವ ರಸ್ತೆಗೆ ಬಂದ ಕೂಡಲೇ ನಿಂತು ಚಿತ್ರಗಳನ್ನು ಅಪ್‌ಲೋಡ್ ಮಾಡುತ್ತೇನೆ, ಊಟ ಆಮೇಲೆ. ಮನೆಗೆ ಬಂದು ಚೀಲವನ್ನು ಹೊರಗಿನಿಂದ ಒರೆಸಿದ ಮೇಲೆಯೇ ಬಿಚ್ಚುತ್ತೇನೆ, ಕೆಸರು ತೊಳೆದು, ಒಳಮೈ ಹೊರಗೆ ಮಾಡಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತೇನೆ. ರಬ್ಬರ್ ಬ್ಯಾಂಡ್ ಎಳೆದಾಗ ಬಿರುಕು ಕಂಡರೆ ಹೊಸದು. ಮಸಿಯ ಪರೀಕ್ಷೆ ವಾರಕ್ಕೊಮ್ಮೆ. ಮಡಿಕೆಯ ಗೆರೆ ಬೆಳ್ಳಗಾಗಿದ್ದರೆ ಪ್ಲಾಸ್ಟಿಕ್ ಅಲ್ಲಿ ಸೀಳಲು ತಯಾರಾಗಿದೆ ಎಂದರ್ಥ. ಅಂಥ ಚೀಲವನ್ನು ಅವ್ವನಿಗೆ ಕೊಡುತ್ತೇನೆ, ಕೊತ್ತಂಬರಿ ಸೊಪ್ಪು ಕಟ್ಟಿಡಲು ಆಗುತ್ತದೆ.